ಒಂದೇ ಧಾತುವಿನ ಪರಮಾಣುಗಳು ಕೂಡಬಲ್ಲವೇ?

ನೀರಿನ ಅಣುವಿನಲ್ಲಿ ಎರಡು ಹೈಡ್ರೊಜನ್ ಮತ್ತು ಒಂದು ಆಕ್ಸಿಜನ್ ಪರಮಾಣುಗಳಿವೆ ಎಂದು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಬಲ್ಲ. ಆದರೆ ಪರಮಾಣುವಾದವನ್ನು ಮಂಡಿಸಿದ ಜಾನ್ ಡಾಲ್ಟನ್‌ಗೆ ಇದು ತಿಳಿದಿರಲಿಲ್ಲ. ಎರಡು ಧಾತುಗಳಿಂದಾದ ಒಂದೇ ಸಂಯುಕ್ತ ತಿಳಿದಿದ್ದರೆ, ಅದರಲ್ಲಿ ಆ ಧಾತುಗಳ ಒಂದೊಂದೇ ಪರಮಾಣು ಇರಬೇಕೆಂದು ಆತ ಊಹಿಸಿದ್ದ. ಹೀಗಾಗಿ 1808ರ ಆತನ ಗ್ರಂಥದಲ್ಲಿ ಆಕ್ಸಿಜನ್ನಿನ ಪರಮಾಣು ತೂಕ 16 ಅಲ್ಲ, ಕೇವಲ 7!

ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿನ ಗೇ-ಲುಸಾಕ್ ಅನಿಲಗಳು ಸರಳ ಗಾತ್ರಾನುಪಾತದಲ್ಲಿ ಸಂಯೋಗವಾಗುತ್ತವೆಂದು ತೋರಿಸಿದ. ಎರಡು ಗಾತ್ರ ಹೈಡ್ರೊಜನ್, ಒಂದು ಗಾತ್ರ ಆಕ್ಸಿಜನ್ ಸೇರಿದರೆ ಎರಡು ಗಾತ್ರ ನೀರಾವಿ ದೊರೆಯುತ್ತದೆ. ತೊಡಕು ಇರುವುದು ಇಲ್ಲಿಯೇ. ಒಂದೇ ಉಷ್ಣತೆ, ಒತ್ತಡಗಳಲ್ಲಿ ಸಮಗಾತ್ರದ ಅನಿಲಗಳಲ್ಲಿ ಕಣಗಳ ಸಂಖ್ಯೆ ಸಮ ಎಂದಿಟ್ಟುಕೊಳ್ಳಿ. ಆಗ ಆಕ್ಸಿಜನ್ನಿನ 100 ಕಣಗಳಿಂದ ನೀರಾವಿಯ 200 ಕಣಗಳಾಗಬೇಕು. ಪ್ರತಿಯೊಂದರಲ್ಲೂ ಆಕ್ಸಿಜನ್ ಇರಲೇಬೇಕಲ್ಲ! ಅಂದರೆ ಆಕ್ಸಿಜನ್ ಕಣ ಎರಡು ಹೋಳಾಗಬೇಕು. ಪರಮಾಣು ಅವಿಭಾಜ್ಯವೆಂದು ನಂಬಿದ್ದ ಡಾಲ್ಟನ್ ಗೇ-ಲುಸಾಕ್‌ನ ಪ್ರಯೋಗಗಳನ್ನೇ ಶಂಕಿಸಿದ.

1811ರಲ್ಲಿ ಇಟಲಿಯ ಅಮೆಡಿಯೊ ಅವೊಗಾಡ್ರೊ ಈ ಗಂಟನ್ನು ಬಿಡಿಸಿದ. ಕಾನೂನು ಓದಿ ನಂತರ ವಿಜ್ಞಾನಕ್ಕೆ ಬಂದವನು ಆತ. ಹೋಳಾಗುವುದು ಪರಮಾಣುವಲ್ಲ, ಅಣು; ಧಾತುರೂಪದ ಅನಿಲಗಳಲ್ಲೂ ಒಂದೇ ಬಗೆಯ ಪರಮಾಣುಗಳು ಜೋಡಿಯಾಗಿರಬಹುದು ಎಂಬುದು ಆತನ ವಾದದ ತಿರುಳು. ಅನಿಲಗಳ ಸಾಂದ್ರತೆಯನ್ನು ಹೋಲಿಸಿ, ಆಕ್ಸಿಜನ್ ಅಣು ಹೈಡ್ರೊಜನ್ ಅಣುವಿನ ಸುಮಾರು 15 ಪಟ್ಟು ತೂಕದ್ದೆಂದು ಲೆಕ್ಕ ಹಾಕಿದ. (ಆತನ ಹೆಸರಿನ ಪ್ರಸಿದ್ಧ ಸಂಖ್ಯೆಯನ್ನು ಮಾತ್ರ ಆತ ಲೆಕ್ಕ ಹಾಕಿರಲಿಲ್ಲ.)

ರಸಾಯನವಿಜ್ಞಾನಿಗಳು ಇದನ್ನು ಸುಮಾರು ಅರ್ಧ ಶತಮಾನ ಕಡೆಗಣಿಸಿದರು. ಇದನ್ನು ಕೇವಲ ಮೊಂಡುತನ ಎನ್ನಲಾಗದು. ಧನ-ಋಣ ವಿದ್ಯುತ್ತಿನ ಆಕರ್ಷಣೆಯೇ ಪರಮಾಣುಗಳನ್ನು ಬಂಧಿಸುತ್ತದೆಂಬ ಬರ್ಜೀಲಿಯಸ್‌ನ ಸಿದ್ಧಾಂತ ಆಗ ಪ್ರಬಲವಾಗಿತ್ತು. ಅದರಂತೆ ಎರಡು ಆಕ್ಸಿಜನ್ ಪರಮಾಣುಗಳು ಒಂದನ್ನೊಂದು ದೂರ ತಳ್ಳಬೇಕೇ ಹೊರತು ಕೂಡುವಂತಿಲ್ಲ. ಉಪ್ಪಿನಂಥ ವಸ್ತುಗಳಿಗೆ ಆ ಸಿದ್ಧಾಂತ ಚೆನ್ನಾಗಿಯೇ ಹೊಂದುತ್ತಿತ್ತು.

ಪರಿಣಾಮ ಮಾತ್ರ ಗೊಂದಲ. ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಕೆಕ್ಯುಲೆ ಪಟ್ಟಿ ಮಾಡಿದ್ದ. ಇದನ್ನು ಬಗೆಹರಿಸಲೆಂದು 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್‌ಸ್ರೂಹೆಯಲ್ಲಿ ಸಮ್ಮೇಳನ ಸೇರಿತು. ಅಲ್ಲಿ ಸ್ಟಾನಿಸ್ಲಾವೊ ಕನಿಜ಼ಾರೊ ಅವೊಗಾಡ್ರೊನ ಪರ ವಾದಿಸಿದ. ಒಮ್ಮತ ಮೂಡಲಿಲ್ಲ. ಕೊನೆಯಲ್ಲಿ ಆತನ 1858ರ ಕಿರುಹೊತ್ತಗೆಯನ್ನು ಹಂಚಲಾಯಿತು. ಅಣುತೂಕಗಳಿಂದ ಪರಮಾಣು ತೂಕಗಳನ್ನು ಪಡೆಯುವ ಸ್ಪಷ್ಟ ವಿಧಾನ ಅದರಲ್ಲಿತ್ತು. ಅದನ್ನು ಓದಿದ ಲೋಥರ್ ಮೇಯರ್‌ನ ಸಂದೇಹಗಳು ಕರಗಿದವು. ಸಮ್ಮೇಳನದಲ್ಲಿದ್ದ ಮೆಂಡಲೀಫ್ ಮುಂದೆ 1869ರಲ್ಲಿ ಆವರ್ತಕ ಕೋಷ್ಟಕವನ್ನು ಪ್ರಕಟಿಸಿದ್ದು ಸರಿಪಡಿಸಿದ ಪರಮಾಣು ತೂಕಗಳ ಬಲದಿಂದಲೇ. ಇದನ್ನೆಲ್ಲ ನೋಡಲು ಅವೊಗಾಡ್ರೊ ಇರಲಿಲ್ಲ, 1856ರಲ್ಲೇ ತೀರಿಕೊಂಡಿದ್ದ.

ಆದರೂ ಬರ್ಜೀಲಿಯಸ್‌ನ ಆಕ್ಷೇಪಕ್ಕೆ ಉತ್ತರ ಉಳಿದೇ ಇತ್ತು. ಒಂದೇ ಬಗೆಯ ಪರಮಾಣುಗಳು ಕೂಡುವುದಾದರೂ ಹೇಗೆ? ಎರಡೂ ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆಂದು ಜಿ.ಎನ್. ಲೂಯಿಸ್ 1916ರಲ್ಲಿ ಸೂಚಿಸಿದ. ಆ ಹಂಚಿಕೆಯಿಂದ ಹೈಡ್ರೊಜನ್ ಅಣುವಿನ ಶಕ್ತಿ ಏಕೆ ಕಡಿಮೆಯಾಗುತ್ತದೆಂಬುದನ್ನು 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಕ್ವಾಂಟಮ್ ಸಿದ್ಧಾಂತದಿಂದ ಲೆಕ್ಕ ಹಾಕಿ ತೋರಿಸಿದರು.