ಹೂಳು

ಬೇಸಗೆಯಲ್ಲಿ ವಿಜಯಪುರ ಜಿಲ್ಲೆಯ ಬಬಲೇಶ್ವರದ ಸುತ್ತಿನ ಎರಿ ಹೊಲಕ್ಕೆ ಕಾಲಿಟ್ಟರೆ ಬಿರುಕಿನೊಳಗೆ ಮೊಣಕೈತನಕ ಕೈ ಇಳಿಯುತ್ತದೆ. ಗಾಳಿಗೆ ಸಿಕ್ಕ ಮೇಲ್ಮಣ್ಣು, ಜೋಳದ ಕೂಳೆಯ ಚೂರು, ಕುರಿಯ ಹಿಕ್ಕೆ ಎಲ್ಲ ಆ ಸಂದಿಗೆ ಜಾರುತ್ತವೆ. ಮಳೆ ಬಿದ್ದು ಮಣ್ಣು ಉಬ್ಬಿದೊಡನೆ ಸಂದಿ ಮುಚ್ಚಿಕೊಳ್ಳುತ್ತದೆ. ನೆಲ ತನ್ನ ಮೈಯನ್ನು ತಾನೇ ಹೂಳಿಕೊಳ್ಳುವ ಬಗೆ ಇದು. ಇಲ್ಲಿ ‘ಹೂಳು’ ಕ್ರಿಯಾಪದ. ಅದೇ ಮಣ್ಣು ಹಳ್ಳದ ಪಾಲಾಗಿ ಕೆರೆಯ ತಳ ಸೇರಿತೋ, ‘ಹೂಳು’ ನಾಮಪದ. ‘ಹಾಡು’ ಎಂಬಲ್ಲಿ ಹೇಗೆ ಕೆಲಸಕ್ಕೂ ಅದರ ಫಲಕ್ಕೂ ಒಂದೇ ಮಾತೋ, ಇಲ್ಲೂ ಹಾಗೆಯೇ.

ಹಳಗನ್ನಡದಲ್ಲಿ ಇದು ‘ಪೂೞ್’. ಮೊದಲಿನ ಪಕಾರ ಹಕಾರವಾದದ್ದು ಎಲ್ಲರಿಗೂ ಗೊತ್ತಿರುವ ಕಥೆ: ಪಾಲು ಹಾಲಾಯಿತು, ಪೂ ಹೂವಾಯಿತು. ಕೊನೆಯ ‘ೞ’ದ ಕಥೆ ಹೆಚ್ಚು ಸ್ವಾರಸ್ಯದ್ದು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರ ಎಲ್ಲೆಲ್ಲಿ ಬರಬೇಕೆಂದು ಬಿಡಿಸಿ ಹೇಳಬೇಕಾಯಿತು; ಜನರ ಬಾಯಲ್ಲಿ ಅದಾಗಲೇ ಸವೆಯುತ್ತಿತ್ತು. ‘ಮೞೆ’ಯಲ್ಲಿದ್ದದ್ದೂ ಇದೇ ಅಕ್ಷರ. ಮಣ್ಣು ಕೊಚ್ಚುವ ಮಳೆ, ಕೊಚ್ಚಿ ಬಂದು ನಿಂತ ಹೂಳು, ಎರಡರಲ್ಲೂ ಈಗ ಉಳಿದದ್ದು ಬರಿಯ ‘ಳ’. ನೆರೆಯ ತೆಲುಗಿನವರು ‘ಪೂಡು’ ಎಂದರೆ ಮುಚ್ಚಿಹೋಗುವುದು, ‘ಪೂಡಿಕ’ ಎಂದರೆ ಕೆರೆಯ ಹೂಳು. ಹೋಳಿಗೆಯ ಹೂರಣ ಮಾತ್ರ ಈ ವಂಶದ್ದಲ್ಲ. ಅದೂ ಒಳಗೆ ಹುದುಗಿರುವುದೇ ಆದರೂ ಸಂಸ್ಕೃತದ ‘ಪೂರಣ’ದಿಂದ ಬಂದದ್ದು.

ವಿಜಯಪುರವನ್ನು ಆಳಿದವರು ಹೂಳಿನ ಕಾಟ ಚೆನ್ನಾಗಿ ಬಲ್ಲವರು. ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು; ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳು. ಅವು ನೀರಿನ ಒತ್ತಡ ಇಳಿಸಿ ಕೊಳವೆ ಒಡೆಯದಂತೆ ಕಾಯುತ್ತಿದ್ದವು, ಜೊತೆಗೆ ಕೆಸರು ತಳದಲ್ಲೇ ಕೂತು ತಿಳಿನೀರು ಮುಂದಕ್ಕೆ ಹೋಗುತ್ತಿತ್ತು. ಅವನ ಕಾಲದ್ದೇ ಆದ ಮಮದಾಪುರದ ದೊಡ್ಡ ಕೆರೆ ಈಗ ಬಬಲೇಶ್ವರ ತಾಲ್ಲೂಕಿನಲ್ಲಿದೆ.

ಹೂಳೆಂದರೆ ಕಸ ಎಂಬ ಎಣಿಕೆ ಆ ಗೋಪುರಗಳಿಗೆ ಸರಿ, ಹೊಲಕ್ಕಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ ಡೋಣಿ ಹೊಳೆಯ ದಂಡೆಯವರು. ಸಾರವಾಡದ ಸೇತುವೆ ಮುಳುಗಿದಾಗ ಬೈಯುವುದೂ ಅದೇ ಡೋಣಿಯನ್ನೇ! ಆ ನೀರು ಹೊತ್ತು ತರುವುದು ನುಣ್ಣನೆಯ ಜೇಡಿ, ಕೊಳೆತ ಸೊಪ್ಪುಸದೆ, ಅವುಗಳಿಗೆ ಅಂಟಿದ ರಂಜಕ. ಸಾರಜನಕ ಹೇಗೋ ತಿರುಗಿ ಬರುತ್ತದೆ: ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಾಣುಗಳು ಅದನ್ನು ಆಕಾಶಕ್ಕೆ ಬಿಡುತ್ತವೆ, ತೊಗರಿ ಕಡಲೆಗಳ ಬೇರುಗಂಟಿನಲ್ಲಿರುವ ಇನ್ನೊಂದು ಬಗೆಯವು ಅದನ್ನು ಮತ್ತೆ ಹಿಡಿದು ತರುತ್ತವೆ. ರಂಜಕಕ್ಕೆ ಗಾಳಿಯ ದಾರಿ ಇಲ್ಲವೆಂದೇ ಹೇಳಬೇಕು. ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರಿ ಕಡಲ ತಳದಲ್ಲಿ ಹೂತಿತೆಂದರೆ, ಆ ತಳ ಬಂಡೆಯಾಗಿ ಮೇಲೆದ್ದು ಸವೆಯುವವರೆಗೆ ಕೋಟ್ಯಂತರ ವರ್ಷ ಕಾಯಬೇಕು. ಕೆರೆ ಅದನ್ನು ನಡುದಾರಿಯಲ್ಲಿ ತಡೆದು ಇಟ್ಟುಕೊಳ್ಳುತ್ತದೆ. ಹೂಳುವುದೆಂದರೆ ಹೆಣ ಹೂಳುವುದಷ್ಟೇ ಅಲ್ಲ, ಬಂಗಾರವನ್ನೂ ಹೂತಿಡುತ್ತಾರೆ. ಕೆರೆಯ ಹೂಳು ಈ ಎರಡನೆಯ ಜಾತಿಯದು ಎನ್ನುವುದು ನನ್ನ ವಾದ.

ತಿಕೋಟಾ ಕಡೆಯ ಮಡ್ಡಿ ನೆಲದಲ್ಲಿ ದ್ರಾಕ್ಷಿ ಹಚ್ಚಿದವರಿಗೆ ಈ ವಾದ ಬೇಕಿಲ್ಲ. ಸರಕಾರಿ ಕಾಗದದಲ್ಲಿ ‘ಹೂಳೆತ್ತುವ ಕಾಮಗಾರಿ’ ಎಂದಿರುವುದು ಟ್ರ್ಯಾಕ್ಟರಿಗೆ ಏರಿದೊಡನೆ ‘ಕೆರಿ ಮಣ್ಣು’ ಆಗುತ್ತದೆ. ಸವಳು ಇದ್ದೀತೆಂದು ಬಲ್ಲವರು ಮೊದಲು ಮಣ್ಣು ಪರೀಕ್ಷೆಗೆ ಕೊಡುತ್ತಾರೆ, ಆಮೇಲೆ ಹೇರಿಸುತ್ತಾರೆ. ಹೊಲಕ್ಕೆ ಹರಡಿ ಒಂದು ಮಳೆಗಾಲ ಕಳೆದ ಮೇಲೆ ಅದನ್ನು ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ.