ಹಂಚಿನ ಅಗಲ

ಮೈಸೂರಿನ ಕಡೆಯವರು ಕಾವಲಿ ಎನ್ನುವುದನ್ನು ದಾವಣಗೆರೆ, ಹರಿಹರಗಳ ಮನೆಗಳಲ್ಲಿ ಹಂಚು ಎನ್ನುತ್ತಾರೆ. ಸೂರಿನ ಹಂಚಿಗೂ ಒಡೆದ ಮಡಕೆಯ ಚೂರಿಗೂ ಅದೇ ಹೆಸರು. ಕಬ್ಬಿಣ ಬಂದ ಮೇಲೂ ಮಣ್ಣಿನ ನೆನಪು ಮಾತಿನಲ್ಲಿ ಉಳಿಯಿತು. ರೊಟ್ಟಿಯ ಹಂಚು ಒಂದು ರೊಟ್ಟಿಯಷ್ಟೇ ಅಗಲ. ಮನೆಯೊಲೆಯ ಉರಿಗೆ ಅಷ್ಟೇ ಅಳತೆ.

ದೋಸೆಯೂ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಬೇಳೆಯ ಹಿಟ್ಟಿನ 'ಧೋಸಕ' ಬರುತ್ತದೆ. ಅದು ಅರಮನೆಯ ಮಾತಾಯಿತು. ಹಂಚು ಹಿಗ್ಗಿದ್ದು ಪೇಟೆಯಲ್ಲಿ. ಬೆಳಗಾವಿ ಸೀಮೆಯಿಂದ 1928ರಲ್ಲಿ ಮಕ್ಕಳೊಡನೆ ದಾವಣಗೆರೆಗೆ ಬಂದ ಚೆನ್ನಮ್ಮ ಮೊದಲು ರಾಗಿದೋಸೆ ಮಾರಿದರೆಂದೂ, 1938ರ ಸುಮಾರಿಗೆ ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟಿಗೆ ಬೆಣ್ಣೆ ಕೂಡಿತೆಂದೂ ಊರಿನಲ್ಲಿ ಹೇಳುತ್ತಾರೆ. ಹತ್ತಿಯ ಗಿರಣಿಗಳು ಊರನ್ನು ಬೆಳೆಸುತ್ತಿದ್ದ ಕಾಲವದು. ಪಾಳಿ ಬಿಟ್ಟು ಹಸಿದು ಬಂದವರು ಕಾದಾರೆ? ಸೌದೆಯ ಒಲೆಯೊಡನೆ ಹಂಚೂ ಉದ್ದವಾದದ್ದು ಇದರಿಂದಲೇ ಎಂದು ನನ್ನ ಊಹೆ.

ಈಗ ಹಿತ್ತಲಿನಲ್ಲಿಯೋ ತಾರಸಿಯ ಮೇಲೆಯೋ ಅಂಥದೇ ಹಂಚು ಹೂಡುವ ಆಸೆ ಮನೆಗಳಿಗೂ ಹತ್ತಿದೆ. ಬೆಣ್ಣೆದೋಸೆ ಮಸಾಲೆದೋಸೆಗಿಂತ ಕಿರಿದು, ದಪ್ಪ. ಅದಕ್ಕೆ ಬೇಕಾದದ್ದು ನಿಧಾನವಾದ ಸಮನಾದ ಬಿಸಿ. ಒಂದೇ ಉರಿಯ ಮೇಲೆ ಎರಡು ಮೊಳದ ಹಂಚಿಟ್ಟರೆ ನಡು ಕರಕು, ಅಂಚು ಹಸಿ, ಬೆಣ್ಣೆ ದಂಡ. ಉರಿ ಹರಡುವಷ್ಟಕ್ಕಿಂತ ನಾಲ್ಕು ಬೆರಳು ಹೆಚ್ಚು ಸಾಕು. ನಾಲ್ವರ ಮನೆಗೆ ಎರಡು ದೋಸೆ ಒಟ್ಟಿಗೆ ಬೇಯುವ ಹಂಚು ಧಾರಾಳ. ಅದು ದಪ್ಪನಾಗಿರಲಿ, ತೆಳ್ಳನೆಯ ತಗಡು ಕಾದಾಗ ಡೊಂಕಾಗಿ ಹಿಟ್ಟೆಲ್ಲ ಒಂದು ಮೂಲೆಗೆ ಹರಿಯುತ್ತದೆ. ಬಯಲಿನಲ್ಲಿ ಒಲೆಗೆ ಗಾಳಿಯ ಮರೆಯೂ ಬೇಕು.