ಓದ್ಲಿಕ್ಕೆ ಹೋದವರ ಭಾಂಡೆ

ಮೊನ್ನೆ ಅಟ್ಟದ ಮ್ಯಾಲಿನ ಡಬ್ಬಿ ಇಳಸೂ ಮುಂದ ಒಂದು ಸ್ಟೀಲ್ ತಾಟು ಕೈಗೆ ಸಿಕ್ತು. ಹಿಂದ ನಮ್ಮ ಅಣ್ಣನ ಹೆಸರು, ಬಾಜೂಕ 1981 ಅಂತ ಚುಕ್ಕಿ ಚುಕ್ಕಿ ಹೊಡದು ಕೆತ್ತಿಸಿದ್ದು. ಅವ ಬೆಂಗಳೂರಿಗೆ ಓದ್ಲಿಕ್ಕೆ ಹೋದಾಗ ಕೊಡಿಸಿದ ತಾಟು. ನಮ್ಮ ಮನ್ಯಾಗ ಓದ್ಲಿಕ್ಕೆ ಅಂತ ದೊಡ್ಡ ಊರಿಗೆ ಹೋದವರು ಮೂರು ಮಂದಿ: ಅಪ್ಪ, ಅಣ್ಣ, ನನ್ನ ಮಗಳು. ಯಾರ್‍ಯಾರು ಏನೇನು ಭಾಂಡೆ ಕೊಂಡ್ರು ಅಂತ ಬರದಿಡೂಣು ಅನಸ್ತು. ರಾಜರ ಇತಿಹಾಸ ಪುಸ್ತಕದಾಗ ಅದ, ತಾಟಿನ ಇತಿಹಾಸ ನಾವ ಬರೀಬೇಕಲ್ರೀ.

ಅಪ್ಪ ಇಂಜಿನಿಯರಿಂಗ್ ಕಲೀಲಿಕ್ಕೆ ಪುಣೆಕ್ಕ ಹೋಗಿದ್ದು 1946ರಾಗ. ನಮ್ಮ ಧಾರವಾಡ ಆವಾಗ ಮುಂಬೈ ಪ್ರಾಂತ್ಯದಾಗಿತ್ತು. ಹುಬ್ಬಳ್ಳಿ ಬಿ.ವಿ.ಬಿ. ಕಾಲೇಜು ಸುರು ಆಗಿದ್ದ 1947ಕ್ಕ, ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ಕ್ಕ. ಅದಕ್ಕ ಪುಣೆ ರೈಲು ಹತ್ತಲೇಬೇಕಾಗಿತ್ತು. ಒಂದು ಟ್ರಂಕು, ಒಂದು ಹಾಸಿಗಿ ಸುರಳಿ, ಬುತ್ತಿ. ಊಟ ಖಾನಾವಳ್ಯಾಗ, ತಿಂಗಳ ಲೆಕ್ಕ. ಹಿಂಗಾಗಿ ರೂಮಿಗೆ ಬೇಕಾಗಿದ್ದು ಭಾಳ ಏನಲ್ಲ: ನೀರಿಗೊಂದು ತಂಬಿಗಿ, ಚಹಾಕ್ಕೊಂದು ಪಾತೇಲಿ, ಒಂದು ವಾಟಗಾ. ಪುಣೆದಾಗ ಕಸಬಾ ಪೇಠದಾಗ ತಾಂಬಟ ಆಳಿ ಅಂತ ಅದ, ಪೇಶ್ವೆ ಕಾಲದಿಂದ ತಾಮ್ರದ ಕೆಲಸದವರ ಓಣಿ. ಓಣ್ಯಾಗ ಕಾಲಿಟ್ರ ಸುತ್ತಿಗಿ ಸಪ್ಪಳಕ್ಕ ಮಾತು ಕೇಳಸೂದಿಲ್ಲ ಅಂತಿದ್ರು ಅಪ್ಪ. ಅಲ್ಲಿ ಒಂದು ತಾಮ್ರದ ತಂಬಿಗಿ ಕೊಂಡಿದ್ರು.

ಪಂಪ್ ಸ್ಟೋ ಮಾತ್ರ ಹಳೇದು, ಯಾರೋ ಬಿಟ್ಟು ಹೋದದ್ದು. ಸ್ವೀಡನ್ನಿನವರು 1892ರಾಗ ಮಾಡಿದ ಪ್ರೈಮಸ್ ಸ್ಟೋದ ಜಾತಿ. ಅದು ಹೊತ್ತಿದ್ರ ಮೂರು ಮನಿಗೆ ಕೇಳಸ್ತದ. ರಾತ್ರಿ ಕದ್ದು ಚಹಾ ಕಾಸೂದು ಅನ್ನೋ ಮಾತ ಇಲ್ಲ.

ತಾಮ್ರ-ಹಿತ್ತಾಳಿ ತೂಕದ ಮ್ಯಾಲೆ ಮಾರತಿದ್ರಲ್ಲ, ಹುಡುಗರಿಗೆ ಅದು ತುಟ್ಟಿನೇ. ಆದ್ರ ತೂಕಕ್ಕ ಕೊಂಡದ್ದು ತೂಕಕ್ಕ ಹೋಗ್ತದ. ಮನಿಯಿಂದ ಮನಿ ಆರ್ಡರ್ ಬರೂದು ತಡಾ ಆದ್ರ ತಂಬಿಗಿ ಅಡಾ ಇಟ್ಟು ಖಾನಾವಳಿ ರೊಕ್ಕ ಕಟ್ಟತಿದ್ರಂತ. ಅಪ್ಪ ಎರಡು ಸಲ ಇಟ್ಟು ಎರಡೂ ಸಲ ಬಿಡಿಸಿಕೊಂಡು ಬಂದಿದ್ರು. ಈಗಿನ ಪ್ಲಾಸ್ಟಿಕ್ ಬಾಟ್ಲಿ ಯಾವ ಅಂಗಡ್ಯಾಂವ ಅಡಾ ಇಟಗೋತಾನ ಹೇಳ್ರಿ.

ಆ ತಂಬಿಗಿ ನಮ್ಮ ಮನಿ ಸೇರಿ ನಾ ಸಣ್ಣಾಕಿದ್ದಾಗೂ ಬಚ್ಚಲದಾಗ ಇತ್ತು. ಹುಣಸಿಹಣ್ಣು ಹಚ್ಚಿ ತಿಕ್ಕೂದು ನನ್ನ ಕೆಲಸ.

1981ರಾಗ ಅಣ್ಣನ ಪಾಳಿ ಬಂತು. ಅಷ್ಟೊತ್ತಿಗೆ ಕಾಲ ಬದಲಾಗಿತ್ತು, ಎಲ್ಲಾರಿಗೂ ಸ್ಟೀಲಿನ ಹುಚ್ಚು. ಇಂಗ್ಲೆಂಡಿನ ಶೆಫೀಲ್ಡದಾಗ ಹ್ಯಾರಿ ಬ್ರಿಯರ್ಲಿ ಅನ್ನೋರು 1913ರಾಗ ಕಬ್ಬಿಣಕ್ಕ ಕ್ರೋಮಿಯಂ ಕೂಡಿಸಿ ತುಕ್ಕು ಹಿಡಿಯಲಾರದ ಉಕ್ಕು ಮಾಡಿದ್ದು. ನಮ್ಮಲ್ಲಿ ಸೇಲಂ ಕಾರ್ಖಾನಿ ಸುರು ಆಗಿದ್ದ 1982ಕ್ಕ. ಅದಕ್ಕ ಸ್ಟೀಲ್ ಅಂದ್ರ ಭಾರಿ ಅಪರೂಪ, ಭಾರಿ ಮರ್ಯಾದಿ. ಕಲಾಯಿ ಬ್ಯಾಡ, ಹುಣಸಿಹಣ್ಣು ಬ್ಯಾಡ, ಮೊಸರು ಹಾಕಿಟ್ರ ಕಿಲುಬು ಹತ್ತೂದಿಲ್ಲ. ಹೆಣ್ಣಮಕ್ಕಳು ಮರುಳಾಗಿದ್ದು ತಪ್ಪೇನಲ್ಲ, ತಿಕ್ಕಿ ತಿಕ್ಕಿ ರಟ್ಟಿ ಬಿದ್ದು ಹೋಗಿದ್ವು.

ಅವ್ವ ಏನು ಮಾಡಿದ್ಲು ಅಂದ್ರ, ಹಳೇ ಹಿತ್ತಾಳಿ ಕೊಳಗ, ಎರಡು ಹಂಡೆ ಮುಚ್ಚಳ, ಅದರ ಕೂಡ ಆ ಪುಣೆ ತಂಬಿಗಿ, ಎಲ್ಲಾ ಚೀಲಕ್ಕ ಹಾಕಿ ಭಾಂಡೆ ಅಂಗಡಿಗೆ ಒಯ್ದು ತೂಗಿಸಿ ಕೊಟ್ಲು. ಬದಲಿಗೆ ಅಣ್ಣಗ ತಾಟು, ಎರಡು ಬಟ್ಟಲು, ವಾಟಗಾ, ಡಬ್ಬಿ ಬಂದ್ವು. ಸಂಜಿಗೆ ಅಪ್ಪ ಕೈಕಾಲು ತೊಳಕೊಳ್ಳಿಕ್ಕೆ ಹೋಗಿ ತಂಬಿಗಿ ಹುಡುಕಿದ್ರು. ಅವ್ವ ಹೇಳಿದ್ಲು. ಅಪ್ಪ ಏನೂ ಅನ್ನಲಿಲ್ಲ, ತಾಟು ಕೈಯಾಗ ಹಿಡದು ತಿರುಗಿಸಿ ನೋಡಿ, "ಹೆಸರು ಹಾಕಿಸಿದ್ದು ಛೊಲೋ ಆತು" ಅಂದ್ರು, ಅಷ್ಟ.

ಅಣ್ಣ ಬೆಂಗಳೂರಾಗ ಇಬ್ಬರು ಹುಡುಗರ ಜೋಡಿ ರೂಮು ಮಾಡಿದ್ದ. ಅಲ್ಯುಮಿನಿಯಂ ಬೋಗಣಿ ಚಿಕ್ಕಪೇಟಿ ಓಣ್ಯಾಗ ಕೊಂಡಿದ್ನಂತ, ತೂಕದ ಲೆಕ್ಕಾನ. ನೂತನ್ ಬತ್ತಿ ಸ್ಟೋ ಕೊಂಡ. ಇಂಡಿಯನ್ ಆಯಿಲ್‌ನವರು 1977ರಾಗ ತಂದದ್ದು, ಎಣ್ಣಿ ಕಡಿಮಿ ಕುಡೀತಿತ್ತು, ಸಪ್ಪಳಿಲ್ಲ. ಆದ್ರ ಎಣ್ಣಿ ಎಲ್ಲಿಂದ ತರಬೇಕು? ಸೀಮಿ ಎಣ್ಣಿ ರೇಷನ್ ಕಾರ್ಡಿಗೆ, ಓದೋ ಹುಡುಗರಿಗೆಲ್ಲಿ ಕಾರ್ಡು? ಬಾಜೂ ಮನಿಯವರ ಹತ್ರ ಎರಡು ಪಟ್ಟು ಕೊಟ್ಟು ತರತಿದ್ರು. ಸ್ಟೋ ಅಗ್ಗ, ಎಣ್ಣಿ ತುಟ್ಟಿ ಅಂತ ಕಾಗದ ಬರೀತಿದ್ದ.

ನಾ ಪಿಯುಸಿ ಪಾಸಾದಾಗ 1988. ಮುಂದ ಕಲೀತೀನಿ ಅಂದೆ. "ನಿನಗ ಕೊಡೂ ಭಾಂಡೆ ಲಗ್ನದಾಗ ಕೊಡತೀವಿ" ಅಂದ್ಲು ಅವ್ವ. ಕೊಟ್ರು ಖರೆ, ಹನ್ನೊಂದು ಸ್ಟೀಲ್ ಕೊಡ, ಡಜನ್ ತಾಟು. ಕೆತ್ತಿಸಿದ ಹೆಸರೆಲ್ಲಾ ಕೊಟ್ಟವರದ್ದು, ಒಂದರ ಮ್ಯಾಲೂ ನಂದಿಲ್ಲ. ಅವ್ವನ ಮ್ಯಾಲೆ ಸಿಟ್ಟಿಲ್ಲ, ಆದ್ರ ನೆನಪದ.

2022ರಾಗ ಮಗಳಿಗೆ ಬೆಂಗಳೂರಾಗ ಎಂ.ಎಸ್ಸಿ. ಸೀಟು ಸಿಕ್ತು. ಜ್ಞಾನಭಾರತಿ ಹತ್ರ ನಾಕು ಹುಡುಗ್ಯಾರು ಕೂಡಿ ಮನಿ ಹಿಡದ್ರು. ಸಾಮಾನು ಕೊಡಸ್ಲಿಕ್ಕೆ ನಾನೂ ಹೋದೆ. ಆಕಿ ಮೊದಲ ನಾಗಸಂದ್ರದ ಐಕಿಯಾಕ್ಕ ಕರಕೊಂಡು ಹೋದ್ಲು, ಆ ವರ್ಷಾನ ತಗದಿದ್ರು. ಚಂದ ಅದರಿ, ಒಳಗ ಹೊಕ್ಕರ ದಾರಿ ಹೊರಗ ಬಿಡೂದಿಲ್ಲ! ಕೆಲವು ಅಗ್ಗನೂ ಇದ್ವು, ಗಾಜಿನ ವಾಟಗಾ ನಾಕು ತಗೊಂಡ್ವಿ. ಚೌಕಾಶಿ ಇಲ್ಲದ ಪ್ಯಾಟಿ ನನಗ ಸಪ್ಪ ಅನಸ್ತು.

ಮರುದಿನ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ದಾಗ ಬದಲಿಸಿ ಚಿಕ್ಕಪೇಟಿಗೆ ಇಳದ್ವಿ. 1537ರಾಗ ಕೆಂಪೇಗೌಡರು ಕಟ್ಟಿಸಿದ ಪೇಟಿ, ಕಸಬಿಗೊಂದು ಓಣಿ: ಕುಂಬಾರಪೇಟಿ, ಗಾಣಿಗರಪೇಟಿ, ಬಳೇಪೇಟಿ, ಅರಳೇಪೇಟಿ. ಈಗ ಕುಂಬಾರಪೇಟಿಯೊಳಗ ಗಡಗಿ ಹುಡುಕಿದ್ರ ಮಂದಿ ನಗತಾರ, ಆದ್ರ ಹೆಸರು ಉಳದಾವ.

ಪ್ಯಾಟ್ಯಾಗ ನಾ ಕಲತದ್ದು ಒಂದದ, ಹುಡುಗರಿಗೆ ಉಪಯೋಗ ಆದೀತು. ಆಕಿಗೆ ಇಂಡಕ್ಷನ್ ಒಲಿ. ಅದರ ಮ್ಯಾಲೆ ತಾಮ್ರ ಕಾಯೂದಿಲ್ಲ, ಅಲ್ಯುಮಿನಿಯಂ ಕಾಯೂದಿಲ್ಲ, ಎಲ್ಲಾ ಸ್ಟೀಲೂ ಕಾಯೂದಿಲ್ಲ. ತಳಕ್ಕ ಅಯಸ್ಕಾಂತ ಗಟ್ಟಿ ಹತ್ತಬೇಕು. ನಾ ಫ್ರಿಜ್ಜಿನ ಮ್ಯಾಲಿನ ಗಣಪತಿ ಮ್ಯಾಗ್ನೆಟ್ ಕಿತ್ತುಕೊಂಡು ಹೋಗಿದ್ದೆ. ಅಂಗಡ್ಯಾಂವ ನಗಲಿಕ್ಕೆ ಹತ್ತಿದ, ನಾ ಬಿಡಲಿಲ್ಲ, ಒಂದೊಂದಕ್ಕೂ ಹಚ್ಚಿ ನೋಡಿದೆ. ಮೂರು ಬೋಗಣ್ಯಾಗ ಒಂದ ಪಾಸಾತು. ಅಪ್ಪನ ತಂಬಿಗಿ ಉಳದಿದ್ರೂ, ಅಣ್ಣನ ಬೋಗಣಿ ಇದ್ದಿದ್ರೂ ಇಕಿ ಒಲಿ ಮ್ಯಾಲೆ ತಣ್ಣಗ ಕೂಡತಿದ್ವು.

ಎಲ್ಲಾ ಕಟ್ಟಿಸಿದ ಮ್ಯಾಲೆ ಒಂದು ತಾಟು ತೂಗಿಸಿ, ಹೆಸರು ಕೆತ್ರಿ ಅಂದೆ.

"ಮದುವೆ ಗಿಫ್ಟಾ ಅಮ್ಮ? ಯಾರ ಹೆಸರು ಹಾಕ್ಲಿ?"

"ಅಲ್ರೀ, ಇಕಿ ಓದ್ಲಿಕ್ಕೆ ಬಂದಾಳ. ಇಕಿದ ಹೆಸರು. ಮುಂದ 2022 ಅಂತ ಹಾಕ್ರಿ. ಹಿಂದ ಬ್ಯಾಡ, ಅಂಚಿನ ಮ್ಯಾಲೆ."

"ಅವ್ವಾ, ರೂಮಿನ್ಯಾಗ ಎಲ್ಲಾರೂ ನಗತಾರ" ಅಂತ ಮಗಳು ನನ್ನ ಸೆರಗು ಜಗ್ಗಿದ್ಲು. ಮಷೀನು ಝುಂಯ್ ಅಂತಿತ್ತು, ನನಗ ಕೇಳಸಲಿಲ್ಲ ಅಂದೆ.

ತಿಂಗಳ ಮ್ಯಾಲೆ ವಿಡಿಯೋ ಕಾಲ್‌ದಾಗ ಅಡಗಿಮನಿ ತೋರಿಸಿದ್ಲು. ಇಕಿ ಉಣ್ಣೂದು ಡಬ್ಬ್ಯಾಗ. ತಾಟು ಹಾಲಿನ ಬೋಗಣಿ ಮುಚ್ಚಳ ಆಗಿತ್ತು. ಇರ್‍ಲಿ, ಹೆಸರು ಕಾಣತಿತ್ತು.